ಹಿರೇಕಟ್ಟೆಯವರಿಗೆ ಗೊತ್ತಿಲ್ಲದ ಕೆರೆ

ನೂರಕ್ಕೆ ತೊಂಬತ್ತೇಳು. ಈ ಅಂಕಿ ತೆಗೆದವನು ನಾನೇ. ಎರಡು ಸಲ ತಾಳೆ ನೋಡಿ ಕೆಂಪು ಶಾಯಿಯಲ್ಲಿ ಬರೆದವನೂ ನಾನೇ. ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿರಲಿಲ್ಲ. ಅದಕ್ಕೇ ಇವತ್ತಿಗೂ ಅದು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಆಗ ನಾನು ಬೀರೂರಿನಲ್ಲಿ ಎರಡನೇ ಮೇಷ್ಟರು. ಹೆಸರು ಮಲ್ಲಿಕಾರ್ಜುನಯ್ಯ. ಯುರೋಪಿನಲ್ಲಿ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಮೈಸೂರು ಸಂಸ್ಥಾನದಲ್ಲಿ ಆಗ ಎಲ್ಲದಕ್ಕೂ ಒಂದೊಂದು ಕಮಿಟಿ ಏಳುತ್ತಿತ್ತು, ನಮ್ಮ ಸೀಮೆಯ ಕೆರೆಗಳಿಗೂ ಒಂದು ಎದ್ದಿತು. ಹಳ್ಳಿಯ ಜನಕ್ಕೆ ತಮ್ಮ ಕೆರೆಯ ವಿಷಯ ಎಷ್ಟು ಗೊತ್ತಿದೆ ಎಂದು ತಿಳಿಯಬೇಕು, ಗೊತ್ತಿದ್ದರೆ ಕೆರೆಯ ಆಡಳಿತ ಅವರ ಕೈಯಲ್ಲೇ ಇರಲಿ, ಗೊತ್ತಿಲ್ಲದಿದ್ದರೆ ಸರ್ಕಾರ ನೋಡಿಕೊಳ್ಳಲಿ ಎಂಬುದು ಕಮಿಟಿಯವರ ಯೋಚನೆ. ಕೇಳುವುದಕ್ಕೆ ಕೆಟ್ಟ ಯೋಚನೆಯಲ್ಲ. ಹನ್ನೆರಡು ಪ್ರಶ್ನೆಗಳನ್ನು ಅಚ್ಚು ಹಾಕಿಸಿ, ಎದುರಿಗೆ ಎರಡು ಕಾಲಂ ಬಿಟ್ಟಿದ್ದರು. ಒಂದು 'ಗೊತ್ತು', ಇನ್ನೊಂದು 'ಗೊತ್ತಿಲ್ಲ'. ಮನೆಮನೆಯವರನ್ನು ಕರೆದು ಕೇಳಿ ಗೀಟು ಹಾಕುವ ಕೆಲಸಕ್ಕೆ ನನ್ನನ್ನು ಮೂರು ತಿಂಗಳ ಮಟ್ಟಿಗೆ ತೆಗೆದುಕೊಂಡರು. ಚೆನ್ನಾಗಿ ಮಾಡಿದರೆ ಚಿಕ್ಕಮಗಳೂರಿನಲ್ಲಿ ಕಾಯಂ ಗುಮಾಸ್ತೆ ಕೆಲಸ ಕೊಡುತ್ತೇವೆ ಎಂದೂ ಆಸೆ ತೋರಿಸಿದ್ದರು. ನಾನೂ ಆಸೆಪಟ್ಟಿದ್ದೆ, ಅದನ್ನೇನು ಮುಚ್ಚಿಡುವುದು.

ಬುಕ್ಕಾಂಬುಧಿಯಿಂದ ಎರಡು ಹರದಾರಿ ಆಚೆಗಿರುವ ಹಿರೇಕಟ್ಟೆಗೆ ಹೋದದ್ದು ಸುಗ್ಗಿ ಮುಗಿದ ಮೇಲೆ. ಚಾವಡಿಯಲ್ಲಿ ಮೇಜು ಹಾಕಿಸಿಕೊಂಡು ಕೂತೆ. ಮೊದಲು ಕರೆದದ್ದು ಊರಿನ ನೀರುಗಂಟಿ ತಿಮ್ಮಪ್ಪನನ್ನು. ನೀರುಗಂಟಿ ಅಂದರೆ ಕೆರೆಯ ತೂಬು ತೆಗೆದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೀರು ಹಂಚುವವನು. ಸಣಕಲು ಆಳು. ಬೆರಳ ತುದಿಗಳು ಯಾವಾಗಲೂ ನೀರಿನಲ್ಲಿ ನೆನೆದು ಸುಕ್ಕುಗಟ್ಟಿರುತ್ತಿದ್ದವು.

"ತೂಬು ಯಾವಾಗ ತೆಗೀಬೇಕು, ಗೊತ್ತೇನಪ್ಪ?"

ಅವನು ನನ್ನ ಮುಂದಿದ್ದ ಹಾಳೆ ನೋಡಿದ. ಲೇಖನಿ ನೋಡಿದ. "ಗೊತ್ತಿಲ್ಲ ಸ್ವಾಮಿ."

"ಮೂವತ್ತು ವರ್ಷದಿಂದ ನೀನೇ ತಾನೇ ತೆಗೀತಿರೋದು?"

"ತೆಗೀತೀನಿ ಸ್ವಾಮಿ. ಗೊತ್ತಿಲ್ಲ."

ಆಮೇಲೆ ಬಂದವರೂ ಅಷ್ಟೆ. ಏರಿ ಎಲ್ಲಿ ಸಡಿಲ? ಗೊತ್ತಿಲ್ಲ. ನೀರು ಮೊದಲು ಯಾವ ಗದ್ದೆಗೆ? ಗೊತ್ತಿಲ್ಲ. ಅರವತ್ತನಾಲ್ಕು ಜನರಲ್ಲಿ ಅರವತ್ತೆರಡು ಮಂದಿ ಗೊತ್ತಿಲ್ಲ ಅಂದರು, ಇಬ್ಬರು ಪಟೇಲರನ್ನು ಕೇಳಿ ಅಂದರು. ಕೆರೆಯ ವರ್ಣನೆ ಎಂದು ಕೊನೆಯಲ್ಲಿ ಒಂದು ಪುಟ ತುಂಬಿಸಬೇಕಿತ್ತು. ಹೇಳುವವರಿಲ್ಲದ ಮೇಲೆ ನಾನೇ ಏರಿಯ ಮೇಲೆ ಹೋಗಿ ನಿಂತು, ಪೂರ್ವದ ತುದಿಯಲ್ಲಿ ನಾಲ್ಕು ಕಲ್ಲು ಜಾರಿದ್ದು ಕಂಡು, 'ಏರಿಯ ಪೂರ್ವದ ತುದಿ ಶಿಥಿಲ' ಎಂದು ಬರೆದೆ. ಕೆಳಗೆ ತೂಬಿನ ಹತ್ತಿರ ತಿಮ್ಮಪ್ಪ ನೀರಿನಲ್ಲಿ ಮುಳುಗಿ ಏಳುತ್ತಿದ್ದ. ಬೀರೂರಿಗೆ ಬಂದು ತಿಮ್ಮಪ್ಪನ ಮಾತನ್ನು ಜೊತೆಯ ಮೇಷ್ಟರುಗಳಿಗೆ ಹೇಳಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದೆ.

ವೈಶಾಖದಲ್ಲಿ ಕಮಿಟಿಯ ತೀರ್ಮಾನ ಬಂತು. ಹಿರೇಕಟ್ಟೆಯ ನೂರಕ್ಕೆ ತೊಂಬತ್ತೇಳು ಜನಕ್ಕೆ ಕೆರೆಯ ವಿಷಯದಲ್ಲಿ ಏನೂ ತಿಳಿಯದು, ಆದ್ದರಿಂದ ತೂಬಿಗೆ ಕಬ್ಬಿಣದ ಬಾಗಿಲು ಹಾಕಿ ಬೀಗ ಹಾಕತಕ್ಕದ್ದು. ಬೀಗದಕೈ ಬೀರೂರಿನ ಮೇಸ್ತ್ರಿಯ ಹತ್ತಿರ ಇರತಕ್ಕದ್ದು. ಅವನು ಎಂಟು ದಿನಕ್ಕೊಮ್ಮೆ ಬಂದು ನೀರು ಬಿಡತಕ್ಕದ್ದು. ಆಷಾಢದಿಂದ ನೀರುಗಂಟಿಯ ಕೆಲಸ ರದ್ದು, ಕೆಲಸಕ್ಕೆಂದು ಬಿಟ್ಟ ಉಂಬಳಿ ಜಮೀನೂ ರದ್ದು. ಅದನ್ನು ಊರಿನಲ್ಲಿ ಓದಿ ಹೇಳಿ ಬರುವ ಕೆಲಸ ನನಗೇ ಬಿತ್ತು.

ಚಾವಡಿಯ ಮುಂದೆ ಜನ ಸೇರಿದ್ದರು. ಓದತೊಡಗಿದೆ. ತೀರ್ಮಾನಕ್ಕೆ ಮೊದಲು ನನ್ನ ವರ್ಣನೆಯ ಪುಟವನ್ನೂ ಸೇರಿಸಿದ್ದರು. "ಏರಿಯ ಪೂರ್ವದ ತುದಿ ಶಿಥಿಲ" ಎಂದು ಓದಿದೆನೋ ಇಲ್ಲವೋ, ಹಿಂದುಗಡೆಯಿಂದ ಒಂದು ಹೆಣ್ಣು ದನಿ ಬಂತು.

"ಪೂರ್ವದ ತುದಿ ಬಂಡೆ ಮ್ಯಾಲೆ ಕುಂತೈತೆ. ಅದ್ಯಾಕೆ ಸಡ್ಲ ಆಯ್ತದೆ?"

ಅವಳು ತಿಮ್ಮಪ್ಪನ ಹೆಂಡತಿ ಕರಿಯಮ್ಮ. ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸದೆ ಹಾಗೇ ನಿಂತಿದ್ದಳು. ಪಕ್ಕದಲ್ಲಿದ್ದ ರೈತ ಈರಭದ್ರಪ್ಪ ಸುಮ್ಮನಿರಲಾರದೆ ಬಾಯಿ ಹಾಕಿದ. "ಸಡ್ಲ ಇರೋದು ನಡುವೆ ಕಣ್ರೀ. ಹಳೇ ಹುಣ್ಸೆಮರ ಕಡ್ದು ಹನ್ನೆಲ್ಡು ವರ್ಸ ಆಯ್ತು, ಬೇರು ಕೊಳ್ತು ಒಳಗೆಲ್ಲ ಟೊಳ್ಳಾಗೈತೆ. ಅಲ್ಲಿ ಏಡಿ ಬಿಲ ಮಾಡ್ಕಂಡವೆ. ಕೆರೆ ತುಂಬಿದಾಗ ಎಮ್ಮೆ ಸೈತ ಅಲ್ಲಿ ನಿಲ್ಲಾಕಿಲ್ಲ."

ಅಷ್ಟು ಸಾಕಾಯಿತು. ಮರಳುಗದ್ದೆಗೆ ಮೂರು ದಿನಕ್ಕೊಮ್ಮೆ ನೀರು ಬೇಕು, ಎಂಟು ದಿನ ಬಿಟ್ಟರೆ ಪೈರು ಸುಟ್ಟು ಹೋಗುತ್ತದೆ ಎಂದು ಒಬ್ಬ. ಜೇಡಿಗದ್ದೆಗೆ ಅಷ್ಟು ಬೇಡ, ಆರು ದಿನ ತಡೆಯುತ್ತದೆ ಎಂದು ಇನ್ನೊಬ್ಬ. ತೂಬಿನ ಎರಡನೇ ಮೆಟ್ಟಿಲು ಕಂಡಾಗ ಮೇಲಿನ ಗದ್ದೆಗಳಿಗೆ ನಿಲ್ಲಿಸಬೇಕು, ಉಳಿದದ್ದು ದನಕರುಗಳಿಗೆ ಎಂದು ಒಬ್ಬಳು ಮುದುಕಿ. ಅಚ್ಚಾದ ಹನ್ನೆರಡು ಪ್ರಶ್ನೆಗಳಿಗೂ ಉತ್ತರ ಬಂತು, ನಾವು ಕೇಳದ ಇಪ್ಪತ್ತಕ್ಕೂ ಬಂತು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ. ಆಮೇಲೆ ಜೇಬಿನಿಂದ ಲೇಖನಿ ತೆಗೆದು, "ತಡೀರಿ, ಒಬ್ಬೊಬ್ಬರಾಗಿ ಹೇಳಿ, ಬರ್ಕೊಳ್ತೀನಿ" ಅಂದೆ.

ಈರಭದ್ರಪ್ಪ ಆಕಾಶ ನೋಡಿದ. ಮುದುಕಿ ಸೆರಗು ಸರಿಮಾಡಿಕೊಂಡಳು.

"ಈಗ ಹೇಳಿದ್ರಲ್ಲ?"

"ಏನೋ ಮಾತಿಗೆ ಬಂತು ಮೇಷ್ಟ್ರೇ," ಅಂದ ಈರಭದ್ರಪ್ಪ. "ನಮ್ಗೇನ್ ಗೊತ್ತಾಯ್ತದೆ."

ನನಗೆ ರೇಗಿತು. ನಿಮ್ಮ ಈ 'ಗೊತ್ತಿಲ್ಲ'ದಿಂದಲೇ ನಿಮ್ಮ ನೀರಿಗೆ ಬೀಗ ಬೀಳುತ್ತಿದೆ, ತಿಮ್ಮಪ್ಪನ ಅನ್ನ ಹೋಗುತ್ತಿದೆ, ಇದೇನು ಹಟ ಎಂದು ಕೂಗಾಡಿದೆ. ಆಗ ಈರಭದ್ರಪ್ಪ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋದ.

"ನಮ್ಮಪ್ಪ ಒಂದ್ಸಲ ಗೊತ್ತು ಅಂದಿದ್ದ ಮೇಷ್ಟ್ರೇ. ಯಾರ್ದೋ ಗಡಿ ಕಲ್ಲು ಯಾರೋ ಕಿತ್ತು ಹಾಕಿದ್ರು. ನೋಡಿದ್ದೀಯಾ ಅಂತ ಕೇಳುದ್ರು, ನೋಡಿದ್ದೀನಿ ಅಂದ. ಬರ್ಕಂಡ್ರು. ಆಮ್ಯಾಕೆ ಸಾಕ್ಷಿಗೆ ಅಂತ ಕಡೂರಿಗೆ ಹನ್ನೊಂದು ಸಲ ನಡ್ಸಿದ್ರು. ಎಲ್ಡು ವರ್ಸ ಹದಕ್ಕೆ ಸರಿಯಾಗಿ ಬಿತ್ತನೆ ಆಗ್ಲಿಲ್ಲ. ಕೊನೇ ಸಲ ಹೋದವ್ನು ದಾರೀಲೇ ಜ್ವರ ಬಂದು ಸತ್ತ. ಅವತ್ತಿಂದ ನಮ್ಮೂರಲ್ಲಿ ಕಾಗ್ದ ಬಿಚ್ಚಿದ್ರೆ ಯಾರಿಗೂ ಏನೂ ಗೊತ್ತಿರಾಕಿಲ್ಲ."

ಅವನು ಇದನ್ನು ದೂರಿನಂತೆ ಹೇಳಲಿಲ್ಲ, ನಮ್ಮೂರಿನಲ್ಲಿ ಮಂಗಳವಾರ ನೇಗಿಲು ಕಟ್ಟುವುದಿಲ್ಲ ಎನ್ನುವ ಹಾಗೆ ಹೇಳಿದ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅರವತ್ತೆರಡು ಗೀಟು ಹಾಕಿದ್ದೆನಲ್ಲ, ಅವರಿಗೆ ಕೆರೆ ಗೊತ್ತಿದೆಯೋ ಇಲ್ಲವೋ ಎಂಬುದು ಆ ಗೀಟುಗಳಲ್ಲಿ ಇರಲಿಲ್ಲ. ನನ್ನಂಥವನ ಕೈಯಲ್ಲಿ ಕಾಗದ ಕಂಡರೆ ಏನು ಹೇಳಬೇಕೆಂದು ಅವರಿಗೆ ಗೊತ್ತಿತ್ತು, ಇದ್ದದ್ದು ಅಷ್ಟೇ.

ಊರ ಹೊರಗೆ ಬರುವ ಹೊತ್ತಿಗೆ ಕರಿಯಮ್ಮ ಹಿಂದಿನಿಂದ ಬಂದಳು. ಆಗ ಹೊರೆ ಇರಲಿಲ್ಲ.

"ಮೇಷ್ಟ್ರೇ, ಉಂಬ್ಳಿ ಹೋದ್ರೆ ಹೋಗ್ಲಿ, ನಾನು ಕೂಲಿ ಮಾಡಿ ಹಾಕ್ತೀನಿ. ನೀರು ತಪ್ಪಿದ್ರೆ ಅವ್ನು ಉಳಿಯಾಕಿಲ್ಲ. ಅವ್ನಿಗೆ ಬ್ಯಾರೆ ಏನೂ ಬರಾಕಿಲ್ಲ ಕಣಪ್ಪ. ನೇಗ್ಲು ಕೊಟ್ರೆ ಸಾಲು ಸೊಟ್ಟ ಹೊಡೀತಾನೆ. ರಾತ್ರೆ ನಿದ್ದೇಲೂ ಯಾರ ಮಡಿಗೆ ಎಷ್ಟು ಅಂತ ಬಡಬಡಿಸ್ತಾನೆ."

ನಾನು ಅವಳಿಗೆ ಮಾತು ಕೊಟ್ಟೆ. ಏನು ಮಾಡುತ್ತೇನೆ ಎಂಬುದು ನನಗೇ ಗೊತ್ತಿರಲಿಲ್ಲ.

ಕಮಿಟಿಯ ಸಾಹೇಬರಿಗೆ ಅರ್ಜಿ ಬರೆದೆ. ಈ ಜನಕ್ಕೆ ಎಲ್ಲ ಗೊತ್ತಿದೆ, ದಯವಿಟ್ಟು ಅವರ ಬಾಯಿಂದಲೇ ಕೇಳಬೇಕು ಎಂದು. ಸಾಹೇಬರು ಕೆಟ್ಟವರಲ್ಲ. ಮದರಾಸಿನಲ್ಲಿ ಓದಿದವರು, ಅಂಕಿಯನ್ನು ನಂಬುವವರು. ಗೊತ್ತಿರುವವರು ಜ್ಯೇಷ್ಠದ ಹುಣ್ಣಿಮೆ ಕಳೆದ ಮಾರನೆಯ ದಿನ ತರೀಕೆರೆಯ ಬಂಗಲೆಗೆ ಬರಲಿ ಎಂದು ಉತ್ತರ ಕೊಟ್ಟರು. ಅಂದರೆ, ಊರಿನವರು ಯಾವುದಕ್ಕೆ ಹೆದರಿ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದರೋ ಅದನ್ನೇ ನಾನು ತಂದು ಅವರ ಬಾಗಿಲಲ್ಲಿ ಇಟ್ಟಿದ್ದೆ. ರಾಗಿ ಬಿತ್ತನೆಯ ದಿನಗಳು ಬೇರೆ.

ಯಾರೂ ಬರುವುದಿಲ್ಲ ಅಂದುಕೊಂಡಿದ್ದೆ. ಹನ್ನೊಂದು ಜನ ಬಂದರು. ಬಿತ್ತುವ ಕೂರಿಗೆ ಬಿಟ್ಟು ಈರಭದ್ರಪ್ಪನೂ ಬಂದಿದ್ದ. ಹಿಂದಿನ ದಿನವೇ ಹೊರಟು, ಅಮೃತಾಪುರದ ದೇವಸ್ಥಾನದ ಜಗಲಿಯಲ್ಲಿ ಬುತ್ತಿ ಬಿಚ್ಚಿ ಮಲಗಿದ್ದು, ಬೆಳಿಗ್ಗೆ ಬಂಗಲೆಯ ಮುಂದೆ ಹೊಂಗೆಮರದ ಕೆಳಗೆ ಕೂತಿದ್ದರು. ಅವರನ್ನು ನೋಡಿ ನನಗೆ ಕಣ್ಣು ತುಂಬಿತು. ತಿಮ್ಮಪ್ಪ ಮಾತ್ರ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ತನ್ನಿಂದ ಇಷ್ಟು ಜನದ ಬಿತ್ತನೆ ನಿಂತಿತಲ್ಲ ಎಂಬ ಸಂಕೋಚ ಅವನಿಗೆ.

ಒಳಗೆ ಸಾಹೇಬರು ಹಾಳೆ ಬಿಚ್ಚಿದರು. ಮಸಿಯಲ್ಲಿ ಲೇಖನಿ ಅದ್ದಿದರು.

"ನಿಮ್ಮ ಕೆರೆಯ ಏರಿ ಎಲ್ಲಿ ದುರ್ಬಲವಾಗಿದೆ? ಯಾರಿಗೆ ಗೊತ್ತು?"

ಸಾಹೇಬರು ಈರಭದ್ರಪ್ಪನನ್ನು ಬೊಟ್ಟುಮಾಡಿ ಕೇಳಿದರು. ಅವನ ತುಟಿ ಅಲುಗಿತು. ಹೇಳಬೇಕೆಂದೇ ಅಷ್ಟು ದೂರ ನಡೆದು ಬಂದಿದ್ದವನು. ಆದರೆ ಲೇಖನಿ ಹಾಳೆಯ ಮೇಲೆ ಕಾದಿತ್ತು.

"ಗೊತ್ತಿಲ್ಲ ಬುದ್ಧಿ."

ಆಮೇಲೆ ಉಳಿದವರೂ ಅದನ್ನೇ ಅಂದರು. ತಿಮ್ಮಪ್ಪನೂ ಅಂದ. ಕರಿಯಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಸಾಹೇಬರು ಕನ್ನಡಕ ತೆಗೆದು ನನ್ನ ಕಡೆ ನೋಡಿ, "ನಿಮ್ಮ ಅರ್ಜಿಗಿಂತ ನಿಮ್ಮ ಅಂಕಿಯೇ ಸರಿಯಾಗಿತ್ತು ಮೇಷ್ಟರೆ. ಕೆರೆಯ ವರ್ಣನೆ ಒಂದು ಸಲ ಓದಿಬಿಡಿ, ರುಜು ಹಾಕುತ್ತೇನೆ" ಅಂದರು.

ನಾನು ನನ್ನ ಪ್ರತಿ ಎತ್ತಿಕೊಂಡೆ. ದೊಡ್ಡ ದನಿಯಲ್ಲಿ ಓದಿದೆ.

"ಏರಿಯ ಪೂರ್ವದ ತುದಿ ಶಿಥಿಲ. ನಡುಭಾಗ ಬಹಳ ಗಟ್ಟಿ." ಈರಭದ್ರಪ್ಪ ಕೆಮ್ಮಿದ. "ಮರಳುಗದ್ದೆಗೆ ಹದಿನೈದು ದಿನಕ್ಕೊಮ್ಮೆ ನೀರು ಕೊಟ್ಟರೆ ಹೆಚ್ಚು." ಯಾರೋ ಅಯ್ಯೋ ಅಂದರು. ಹಾಳೆಯಲ್ಲಿ ಇಲ್ಲದ್ದನ್ನು ಓದುತ್ತಿದ್ದೆ, ಇನ್ನು ಹಿಂದೆ ಹೋಗುವಂತಿರಲಿಲ್ಲ. "ಈಗಿನ ನೀರುಗಂಟಿ ತಿಮ್ಮಪ್ಪ ಎಂಬವನಿಗೆ ಈಜು ಬಾರದು. ನೀರೆಂದರೆ ಭಯ."

"ಯಾರಿಗೆ ಈಜು ಬರಾಕಿಲ್ಲ?" ಕರಿಯಮ್ಮ ಹೊಸಲು ದಾಟಿ ಒಳಗೇ ಬಂದುಬಿಟ್ಟಳು. "ಕೆರೆ ಕೋಡಿ ಬಿದ್ದಾಗ ತಳಕ್ಕೆ ಮುಳುಗಿ ತೂಬಿನ ಗೂಟ ಕೀಳ್ತಾನೆ ನನ್ ಗಂಡ. ಯಾವನು ಬರ್ದಿದ್ದು ಇದ್ನ?"

"ನಡುಭಾಗ ಗಟ್ಟಿಯಂತೆ," ಅಂದ ಈರಭದ್ರಪ್ಪ, ಸಾಹೇಬರ ಮೇಜಿಗೇ ಬಂದು. "ಈ ಮಳೆಗಾಲ್ದಲ್ಲಿ ಅದು ಕಿತ್ಕಂಡ್ ಹೋದ್ರೆ ಇದ್ನ ಬರ್ದೋನು ಬಂದು ಕಟ್ತಾನಾ ಬುದ್ಧಿ?"

ಹನ್ನೊಂದು ಜನವೂ ಎದ್ದರು. ಹುಣಸೆಯ ಬೇರು, ಏಡಿಯ ಬಿಲ, ಮರಳುಗದ್ದೆ, ಜೇಡಿಗದ್ದೆ ಎಲ್ಲವೂ ಬಂತು. ಕೊನೆಗೆ ತಿಮ್ಮಪ್ಪನೂ ಬಾಯಿ ಬಿಟ್ಟ. ಮೆಲ್ಲಗೆ, ನೆಲ ನೋಡುತ್ತಲೇ, ಮೂವತ್ತೆರಡು ಗದ್ದೆಗಳ ಹೆಸರು ಹೇಳಿ, ಒಂದೊಂದಕ್ಕೂ ಎಷ್ಟು ಹೊತ್ತು, ಯಾಕೆ ಅಷ್ಟು ಎಂದು ಹೇಳಿದ. ಸಾಹೇಬರು ಲೇಖನಿಯನ್ನು ಯಾವಾಗ ಕೆಳಗಿಟ್ಟರೋ ನಾನು ಗಮನಿಸಲಿಲ್ಲ. ಗಲ್ಲಕ್ಕೆ ಕೈಕೊಟ್ಟು ಕೇಳುತ್ತಿದ್ದರು. ಅವನು ಮುಗಿಸಿದ ಮೇಲೆ, "ಬೀಗ ಬೇಡ. ತೂಬು ಇವನ ಹತ್ತಿರವೇ ಇರಲಿ. ನಡುಭಾಗದ ರಿಪೇರಿ ಕೆರೆ ತುಂಬುವುದಕ್ಕೆ ಮೊದಲೇ ಆಗಬೇಕು" ಅಂದರು.

ಜನ ಹೊರಗೆ ಹೋದರು. ಸಾಹೇಬರು ಕಡತ ತಿರುವಿ ಹಾಕಿ ನನ್ನನ್ನು ಕೇಳಿದರು. "ನಿಮ್ಮ ಅಸಲಿನಲ್ಲಿ ಈಜಿನ ವಿಷಯ ಇಲ್ಲ. ಹದಿನೈದು ದಿನದ ಮಾತೂ ಇಲ್ಲ. ಅದು ಎಲ್ಲಿಂದ ಬಂತು?"

ಬೇಕೆಂದೇ ಓದಿದೆ ಎನ್ನಬಹುದಾಗಿತ್ತು. ಆದರೆ ಹಾಗೆಂದರೆ ಆ ಜನರ ಮಾತು ನಾನು ಹೇಳಿಕೊಟ್ಟು ಆಡಿಸಿದ ಆಟ ಎಂದಾಗುತ್ತಿತ್ತು, ಬೀಗ ಮತ್ತೆ ಬಂದು ಕೂರುತ್ತಿತ್ತು. ಕಿಟಕಿಯಾಚೆ ತಿಮ್ಮಪ್ಪ ಬುತ್ತಿಯ ಬಟ್ಟೆ ಕೊಡವುತ್ತಿದ್ದದ್ದು ಕಾಣುತ್ತಿತ್ತು. ಸಾಹೇಬರ ಲೇಖನಿ ಮತ್ತೆ ಕೈಗೆ ಬಂದಿತ್ತು.

"ಗೊತ್ತಿಲ್ಲ ಸ್ವಾಮಿ," ಅಂದೆ.

ಅವರು ನನ್ನ ಹೆಸರಿನ ಎದುರಿಗೆ 'ದಾಖಲೆಯ ಕೆಲಸಕ್ಕೆ ಯೋಗ್ಯನಲ್ಲ' ಎಂದು ಬರೆದರು. ಚಿಕ್ಕಮಗಳೂರಿನ ಕೆಲಸ ಅಲ್ಲಿಗೆ ಮುಗಿಯಿತು. ಕಮಿಟಿಯ ವರದಿ ಮಾರನೆಯ ವರ್ಷ ಅಚ್ಚಾಗಿ ಬಂದಾಗ ತೆಗೆದು ನೋಡಿದೆ. ಹಿರೇಕಟ್ಟೆಯ ಎದುರಿಗೆ ನೂರಕ್ಕೆ ತೊಂಬತ್ತೇಳು ಹಾಗೇ ಇತ್ತು. ಅದನ್ನು ತಿದ್ದುವುದಕ್ಕೆ ಕಾಲಂ ಇರಲಿಲ್ಲ.

ಅವತ್ತು ಬಂಗಲೆಯಿಂದ ಹೊರಗೆ ಬಂದಾಗ ಜನ ಹೊರಟು ನಿಂತಿದ್ದರು. ಯಾರೂ ನನ್ನನ್ನು ಮಾತಾಡಿಸಲಿಲ್ಲ. ತಿಮ್ಮಪ್ಪನಿಗೆ ಈಜು ಬಾರದು ಎಂದು ಬರೆದ ಮೇಷ್ಟರು ನಾನು. ಕರಿಯಮ್ಮ ಮಾತ್ರ ಹತ್ತು ಹೆಜ್ಜೆ ಹೋದವಳು ತಿರುಗಿ ಬಂದು, ಎಲೆಯಲ್ಲಿ ಸುತ್ತಿದ ಒಂದು ರೊಟ್ಟಿಯನ್ನು ನನ್ನ ಕೈಯಲ್ಲಿಟ್ಟಳು.

"ಅವ್ನು ಮುಳುಗೋದ್ನ ನೀವು ನೋಡಿದ್ರಿ. ಅವತ್ತು ಏರಿ ಮ್ಯಾಲೆ ನಿಂತಿದ್ರಿ," ಅಂದಳು. "ನಿಮ್ಗೆ ಗೊತ್ತಿತ್ತು ಅಲ್ವಾ ಮೇಷ್ಟ್ರೇ?"

"ನನಗೇನು ಗೊತ್ತವ್ವಾ," ಅಂದೆ.

ಅವಳು ನಕ್ಕಳು. ಆ ಊರಿನವರು ನನ್ನನ್ನು ನೋಡಿ ನಕ್ಕದ್ದು ಅದೇ ಮೊದಲು. ಸೆರಗು ಬಾಯಿಗೆ ಒತ್ತಿಕೊಂಡು, ಮುಂದೆ ಹೋಗುತ್ತಿದ್ದ ಗಂಡನನ್ನು ಸೇರಿಕೊಳ್ಳಲು ಬಿರಬಿರನೆ ನಡೆದಳು.