ಖಡಕ್ ರೊಟ್ಟಿ ಕಚ್ಚಿದ ದಿನ

ಫಕೀರಪ್ಪನಿಗೆ ಅನ್ನವೂ ಚುಚ್ಚುತ್ತಿತ್ತು. ಮೇಲಿನ ಮುಂದಿನ ಹಲ್ಲು ಅರ್ಧಕ್ಕೆ ಮುರಿದು, ಉಳಿದ ಅರ್ಧದ ಚೂಪು ತುದಿ ತುಟಿಯ ಒಳಭಾಗವನ್ನು ಕೊಯ್ದು ಹಾಕಿತ್ತು. ನೀರು ಕುಡಿದರೆ ನೆತ್ತಿಯವರೆಗೆ ಜುಂ ಎನ್ನುತ್ತಿತ್ತು. ಆದರೂ ಅವನು ಪಾಳಿ ತಪ್ಪಿಸಿರಲಿಲ್ಲ. ಬಾಯಿಗೆ ಕರವಸ್ತ್ರ ಕಟ್ಟಿಕೊಂಡು ಪುಣೆ ಪಕ್ಕದ ಚಿಂಚವಾಡದ ಒಂದು ತಗಡಿನ ಶೆಡ್ಡಿನಲ್ಲಿ ಪ್ರೆಸ್ ಮಷೀನಿನ ಮುಂದೆ ನಿಲ್ಲುತ್ತಿದ್ದ. ಗುತ್ತಿಗೆಯ ಆಳು. ಅವನು ಬರದಿದ್ದರೆ ನಾಳೆ ಆ ಜಾಗದಲ್ಲಿ ಇನ್ನೊಬ್ಬ ನಿಂತಿರುತ್ತಾನೆ, ಹಲ್ಲು ಗಟ್ಟಿ ಇರುವವನು.

ಅವನನ್ನು ಕಂಡಾಗಲೆಲ್ಲ ಸೂಪರ್‌ವೈಜರ್ ಕೃಷ್ಣಾಜಿಯ ಕಣ್ಣು ನೆಲಕ್ಕೆ ಇಳಿಯುತ್ತಿತ್ತು. ಇಳಿಯಲೇಬೇಕು. ಆ ಹಲ್ಲು ಮುರಿದದ್ದರಲ್ಲಿ ಅವನ ಪಾಲೂ ಇತ್ತು.

ಪ್ರೆಸ್ ಮಷೀನಿಗೆ ಎರಡು ಗುಂಡಿ ಇರುತ್ತವೆ, ಎರಡು ಕೈಗೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳುತ್ತದೆ. ಆಳಿನ ಕೈ ಅಚ್ಚಿನ ಕೆಳಗೆ ಸಿಗಬಾರದು, ಮುಖ ದೂರ ಇರಬೇಕು ಎನ್ನುವುದು ಮಷೀನು ಮಾಡಿದವನ ಯೋಚನೆ. ಮಷೀನು ಕೊಂಡವನ ಯೋಚನೆ ಬೇರೆ. ಒಂದು ಗುಂಡಿಗೆ ಕಟ್ಟಿಗೆಯ ಚಕ್ಕೆ ಸಿಗಿಸಿಬಿಟ್ಟರೆ ಅದು ಸದಾ ಒತ್ತಿಕೊಂಡೇ ಇರುತ್ತದೆ. ಒಂದು ಕೈಯಲ್ಲಿ ಗುಂಡಿ, ಇನ್ನೊಂದು ಕೈಯಲ್ಲಿ ತಗಡು, ಮಾಲು ಬಡಬಡ ಬೀಳುತ್ತದೆ. ಆ ಸಾಲಿನ ಎಲ್ಲ ಮಷೀನುಗಳಲ್ಲೂ ಇಂಥ ಚಕ್ಕೆಗಳಿದ್ದವು. ಸಿಗಿಸಿ ಎಂದು ಮಾಲೀಕ ಸ್ವಪ್ನಿಲ್ ಸೇಠ ಬಾಯಿಬಿಟ್ಟು ಹೇಳಿರಲಿಲ್ಲ. ಸೇಠರು ಇಂಥದ್ದನ್ನೆಲ್ಲ ಹೇಳುವುದಿಲ್ಲ, ಮಾಲು ಯಾಕೆ ಕಡಿಮೆ ಎಂದಷ್ಟೇ ಕೇಳುತ್ತಾರೆ. ಹೇಳುವ ಕೆಲಸಕ್ಕೆ ಕೃಷ್ಣಾಜಿಯಂಥವರಿಗೆ ಪಗಾರ ಕೊಡುತ್ತಾರೆ.

"ಇದು ಬ್ಯಾಡ್ರಿ ಅಣ್ಣಾರ, ಅಂಜಿಕಿ ಬರ್ತದ," ಎಂದಿದ್ದ ಫಕೀರಪ್ಪ.

"ಎಲ್ಲಾರೂ ಮಾಡಾಕತ್ತಾರ. ನಿನಗೊಬ್ಬಗ ಎಂಥಾ ಅಂಜಿಕಿ? ಸಿಗಿಸು."

ಸಿಗಿಸಿದ. ಎಷ್ಟೆಂದರೂ ನಮ್ಮ ಕಡೆಯವರು, ಕೆಟ್ಟದ್ದು ಹೇಳುತ್ತಾರೆಯೇ ಎಂದುಕೊಂಡಿರಬೇಕು. ತಗಡು ಇಡಲು ಮುಂದಕ್ಕೆ ಬಗ್ಗಿದ್ದಾಗಲೇ ಅಚ್ಚು ಬಿದ್ದು, ಅದರಿಂದ ತುಂಡೊಂದು ಸಿಡಿದು ಬಾಯಿಗೆ ಬಡಿಯಿತು.

ಸೇಠ ದೊಡ್ಡ ಮನಸ್ಸು ಮಾಡಿದ. ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು, ಖರ್ಚು ನನ್ನದು, ಆದರೆ ಮನೆಯ ಬಚ್ಚಲಲ್ಲಿ ಬಿದ್ದ ಅಂತ ಹೇಳಬೇಕು ಎಂದು ಕೃಷ್ಣಾಜಿಗೆ ತಾಕೀತು ಮಾಡಿದ. ಕಾರ್ಖಾನೆಯಲ್ಲಿ ಪೆಟ್ಟಾಯಿತು ಎಂದರೆ ಸರ್ಕಾರದ ತಪಾಸಣೆಯವರು ಬರುತ್ತಾರೆ, ಚಕ್ಕೆಗಳನ್ನು ನೋಡುತ್ತಾರೆ. ಅಷ್ಟು ತಿಳಿಯದ ಮಗುವೇನಲ್ಲ ಕೃಷ್ಣಾಜಿ.

ಡಾಕ್ಟರ್ ಶರ್ವರಿ ಮರಾಠಿಯಲ್ಲಿ ಕೇಳಿದಳು, "ಕಸಂ ಝಾಲಂ?" ಹೇಗಾಯಿತು ಎಂದು.

ಸವದತ್ತಿ ಕಡೆಯ ಫಕೀರಪ್ಪನಿಗೆ ಮರಾಠಿ ಅಷ್ಟಿಷ್ಟು ತಿಳಿಯುತ್ತಿತ್ತು, ನಾಲಗೆ ಹೊರಳುತ್ತಿರಲಿಲ್ಲ. ಅವನು ಕೃಷ್ಣಾಜಿಯ ಕಡೆ ತಿರುಗಿದ. "ಮಷೀನಿನ ತುಂಡ ಸಿಡೀತು ಅಂತ ಹೇಳ್ರಿ ಅಣ್ಣಾರ."

ಕೃಷ್ಣಾಜಿ ಡಾಕ್ಟರಿಗೆ, "ಬಾಥರೂಮಮಧ್ಯೆ ಪಡಲಾ," ಎಂದ. ಬಚ್ಚಲಲ್ಲಿ ಬಿದ್ದನಂತೆ!

ಫಕೀರಪ್ಪ ಅವನನ್ನೇ ನೋಡಿದ. ಪುಣೆಯಲ್ಲಿ ಇದ್ದವನಿಗೆ ಅಷ್ಟು ಮರಾಠಿ ತಿಳಿಯುವುದಿಲ್ಲವೇ? ಆದರೂ ಕುರ್ಚಿಗೆ ಒರಗಿ ಬಾಯಿ ತೆರೆದ. ನೋವು ತಿನ್ನುತ್ತಿರುವವನು ಜಗಳಕ್ಕೆ ನಿಲ್ಲುತ್ತಾನೆಯೇ? ಆ ನೋಟ ಮಾತ್ರ ಕೃಷ್ಣಾಜಿಯ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಡಾಕ್ಟರು ಬೇರು ಸ್ವಚ್ಛ ಮಾಡಿದಳು. ಉಳಿದಿದ್ದ ಹಲ್ಲನ್ನು ಸುತ್ತಲೂ ಸವೆಸಿ ಸಣ್ಣ ಮೊಳೆಯಷ್ಟು ಮಾಡಿ, ಅದರ ಮೇಲೆ ಪ್ಲಾಸ್ಟಿಕ್ಕಿನ ಕ್ಯಾಪ್ ಕೂರಿಸಿದಳು. ಆಮೇಲೆ ಕೃಷ್ಣಾಜಿಯನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದಳು. ಇದು ಪಕ್ಕಾ ಕ್ಯಾಪ್ ಬರುವವರೆಗೆ ಮಾತ್ರ. ಗಟ್ಟಿ ಪದಾರ್ಥ ಕಚ್ಚಬಾರದು. ಪಕ್ಕಾದ್ದು ಹಾಕಿಸದೆ ಬಿಟ್ಟರೆ ಸವೆಸಿದ ಹಲ್ಲು ಕೊಳೆತುಹೋಗುತ್ತದೆ, ಕಿತ್ತೇ ಹಾಕಬೇಕಾಗುತ್ತದೆ. ಇದನ್ನೆಲ್ಲ ಅವರ ಭಾಷೆಯಲ್ಲಿ ಸರಿಯಾಗಿ ತಿಳಿಸಿ ಎಂದು ಒತ್ತಿ ಹೇಳಿದಳು.

ಕೃಷ್ಣಾಜಿ ಮೆಟ್ಟಿಲ ಮೇಲೆ ನಿಂತು ಸೇಠನಿಗೆ ಫೋನು ಹಚ್ಚಿದ. ಸೇಠ ಕೇಳಿದ್ದು ಒಂದೇ ಮಾತು: ಈಗ ಅದು ಹಲ್ಲಿನ ಹಾಗೆ ಕಾಣುತ್ತದೋ ಇಲ್ಲವೋ? ಕಾಣುತ್ತದೆ ಎಂದ ಕೃಷ್ಣಾಜಿ. ಹಾಗಾದರೆ ಅದೇ ಸಾಕು, ಪಕ್ಕಾದ್ದು ಬೇಡ ಎಂದು ಸೇಠ ಫೋನಿಟ್ಟ.

ಫಕೀರಪ್ಪ ಸ್ಕೂಟರಿನ ಕನ್ನಡಿಯಲ್ಲಿ ಹಲ್ಲು ನೋಡಿಕೊಂಡು ನಗುತ್ತಿದ್ದ. "ಥೇಟ್ ನನ್ನ ಹಲ್ಲಿನಂಗ ಅದ ನೋಡ್ರಿ! ಡಾಕ್ಟರಬಾಯಾರು ಏನಂದ್ರು?"

"ಆತು ಅಂದ್ರು. ಇನ್ನೇನಿಲ್ಲ ಅಂದ್ರು."

ನಿಜ ಹೇಳಿದ್ದರೆ ಸೇಠ ಬೇಡ ಎಂದದ್ದನ್ನೂ ಹೇಳಬೇಕಿತ್ತು. ಅದನ್ನು ಹೇಳಿದರೆ ಬಚ್ಚಲಿನ ಕಥೆ, ಅಲ್ಲಿಂದ ಚಕ್ಕೆಯ ಕಥೆ. ಸ್ವಂತ ಕೆಲಸ ಹೋಗುವ ಭಯವನ್ನು ಕೃಷ್ಣಾಜಿ ಮನಸ್ಸಿನಲ್ಲಿ ನಾಜೂಕಾಗಿ ಮಡಚಿಟ್ಟು, ಅದಕ್ಕೆ ಪಾಪ ಅವನಿಗ್ಯಾಕೆ ಚಿಂತೆ ಎಂದು ಹೆಸರಿಟ್ಟುಕೊಂಡ. ನಮ್ಮಂಥವರು ಹೀಗೇ ಅಲ್ಲವೇ ನಿದ್ದೆ ಮಾಡುವುದು?

ಅವನಿಗೆ ಆ ನಿದ್ದೆಯೂ ಬರಲಿಲ್ಲ. ನಾಲ್ಕಾರು ದಿನ ಊಟ ಸೇರಲಿಲ್ಲ. ಹೆಂಡತಿ ಅಂಬಾ ಹಿಂದೆ ಬಿದ್ದು ಕೇಳಿದಾಗ, ನಮ್ಮ ಕಡೆಯವನೊಬ್ಬನಿಗೆ ಹಲ್ಲಿಗೆ ಪೆಟ್ಟಾಗಿತ್ತು, ಒಬ್ಬನೇ ಬಾಡಿಗೆ ಖೋಲಿಯಲ್ಲಿ ಇದ್ದಾನೆ, ಊಟಕ್ಕೂ ನೆಟ್ಟಗಿಲ್ಲ ಎಂದಷ್ಟು ಹೇಳಿದ.

"ಅಯ್ಯ ಪಾಪ! ಅದಕ್ಕೇನ್ರಿ, ನಾಳೆ ಡಬ್ಬಿ ಕಟ್ಟಿಕೊಡ್ತೀನಿ. ಅವ್ವ ಕಳಿಸಿದ್ದು ಖಡಕ್ ರೊಟ್ಟಿ ಅದಾವ, ಶೇಂಗಾ ಚಟ್ನಿ ಅದ, ಕಡ್ಲಿಹಿಟ್ಟಿನ ಝುಣಕ ಮಾಡ್ತೀನಿ." ಅಂಬಾ ಒಳಗೆ ಹೊರಟವಳು ನಿಂತಳು. "ಹಲ್ಲಂದ್ರಲ್ಲ, ಖಡಕ್ ರೊಟ್ಟಿ ನಡೀತಾವಿಲ್ಲೋ?"

ಬೇಡ ಎಂದರೆ ಯಾಕೆ ಎಂದು ಕೇಳುತ್ತಾಳೆ. "ನಡೀತಾವ," ಎಂದ ಕೃಷ್ಣಾಜಿ. ನೆನೆಸಿ ತಿನ್ನು ಎಂದು ಹೇಳಿದರಾಯಿತು ಎಂದುಕೊಂಡ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಶೆಡ್ಡಿನ ಹಿಂದಿನ ನೆರಳಲ್ಲಿ ಆಳುಗಳೆಲ್ಲ ಕೂತಿದ್ದರು. ಡಬ್ಬಿಯ ಮುಚ್ಚಳ ತೆಗೆದ ಫಕೀರಪ್ಪನ ಕಣ್ಣು ಅರಳಿತು.

"ಝುಣಕದಾಗ ನೆನಸಿ ತಿನ್ನು," ಎಂದ ಕೃಷ್ಣಾಜಿ.

"ನೆನಸಿದ್ದು ಮುದುಕ್ರು ತಿಂತಾರ್ರಿ ಅಣ್ಣಾರ! ಖಡಕ್ ರೊಟ್ಟಿ ಸಪ್ಪಳಾಗಬೇಕ ನೋಡ್ರಿ," ಎಂದು ಅವನು ನಕ್ಕ.

ಅಲ್ಲಿ ಒಂದು ಮಾತು ಸಾಕಿತ್ತು. ಕೃಷ್ಣಾಜಿ ಚಟ್ನಿಯನ್ನು ಅವನ ಕಡೆ ಸರಿಸಿದ.

ರೊಟ್ಟಿ ಕಟಕ್ಕೆಂದಿತು. ಫಕೀರಪ್ಪ ಅಗಿಯುವುದನ್ನು ನಿಲ್ಲಿಸಿದ. ಬೆರಳು ಹಾಕಿ ಏನನ್ನೋ ತೆಗೆದು ಅಂಗೈ ಮೇಲೆ ಇಟ್ಟುಕೊಂಡ. ಎರಡು ಹೋಳಾದ ಕ್ಯಾಪ್. ಸುತ್ತ ಕೂತವರ ಕೈ ತುತ್ತಿನಲ್ಲೇ ನಿಂತಿತು.

"ಅಯ್ಯಯ್ಯ, ಎಂಥಾ ಕೆಲಸ ಮಾಡಿದ್ನೆಪಾ," ಎಂದ ಫಕೀರಪ್ಪ. "ಸೇಠರು ಮುದ್ದಾಂ ನನ್ನ ಸಲುವಾಗಿ ಖರ್ಚ ಮಾಡಿ ಹಾಕಿಸಿದ್ರು. ನಾಲಗಿ ಚಪಲಕ್ಕ ಹಾಳ ಮಾಡಿದೆ. ಅಣ್ಣಾರ, ನನ್ನ ತಪ್ಪಾತ್ರಿ. ಈಗ ಹೋಗಿ ಸೇಠರ ಕಾಲಿಗೆ ಬೀಳ್ತೀನಿ."

ಎದ್ದೇಬಿಟ್ಟ. ಬೈದಿದ್ದರೆ ಕೃಷ್ಣಾಜಿ ತಾಳಿಕೊಳ್ಳುತ್ತಿದ್ದನೇನೋ. ಇದನ್ನು ತಾಳಲು ಆಗಲಿಲ್ಲ. ಅವನ ರಟ್ಟೆ ಹಿಡಿದ.

"ನಿನ್ನ ತಪ್ಪಲ್ಲೋ. ಅದು ಪಕ್ಕಾ ಕ್ಯಾಪ್ ಅಲ್ಲ. ಪಕ್ಕಾದ್ದು ಬರೂತನಕ ಅಂತ ಹಚ್ಚಿದ್ದು. ಸೇಠ ಪಕ್ಕಾದ್ದು ಬ್ಯಾಡ ಅಂದ."

"ನಿಮಗ ಯಾವಾಗ ಗೊತ್ತಾತು?"

"ಅವತ್ತ."

"ಅವತ್ತಿಂದ ಗೊತ್ತಿದ್ದೂ ಇವತ್ತ ರೊಟ್ಟಿ ತಂದ್ರಿ?"

ಫಕೀರಪ್ಪ ಕೈ ಬಿಡಿಸಿಕೊಂಡ. ಉಳಿದ ರೊಟ್ಟಿಗಳನ್ನು ಜೋಡಿಸಿ, ಡಬ್ಬಿಯ ಮುಚ್ಚಳ ಹಾಕಿ ಅವನ ಕೈಗೆ ಕೊಟ್ಟ.

"ಮನ್ಯಾಗ ವೈನಿಯಾರಿಗೆ ಹೇಳ್ರಿ, ರೊಟ್ಟಿ ಭಾಳ ಚಲೋ ಇದ್ವು ಅಂತ."

ಬಿಡುವು ಮುಗಿದಾಗ ಒಳಗೆ ಹೋಗಿ ಅವನು ತನ್ನ ಮಷೀನಿನ ಗುಂಡಿಯಿಂದ ಚಕ್ಕೆಯನ್ನು ಕಿತ್ತು ನೆಲಕ್ಕೆ ಎಸೆದ. ಹಿಂದೆ ಸರಿದು ನಿಂತು ಎರಡೂ ಕೈಯಿಂದ ಎರಡೂ ಗುಂಡಿ ಒತ್ತಿದ. ಏನಾಯಿತೆಂದು ಕನ್ನಡ ತಿಳಿದವರು ತಿಳಿಯದವರಿಗೆ ಹೇಳಿದರು. ಪಕ್ಕದ ಮಷೀನಿನ ಲಾತೂರಿನವನು ಸ್ವಲ್ಪ ಹೊತ್ತು ತನ್ನ ಬೆರಳುಗಳನ್ನೇ ನೋಡಿಕೊಂಡು, ಅವನೂ ಚಕ್ಕೆ ಕಿತ್ತ. ಆಮೇಲೆ ಆಚೆಯವನು. ಒಬ್ಬರನ್ನೊಬ್ಬರು ನೋಡುತ್ತ ಇಡೀ ಸಾಲು ಕಿತ್ತಿತು. ಬಡಬಡ ಎನ್ನುತ್ತಿದ್ದ ಶೆಡ್ಡು ಮೊದಲ ಸಲ ನಿಧಾನವಾಗಿ ಉಸಿರಾಡಿತು.

ಆ ಸದ್ದಿನ ವ್ಯತ್ಯಾಸ ಸೇಠನಿಗೆ ತಿಳಿಯದೆ ಇರುತ್ತದೆಯೇ? ಕ್ಯಾಬಿನ್ನಿನಿಂದ ಓಡಿಬಂದ. ಯಾಕೆ ನಿಧಾನ ಎಂದು ಕೂಗಾಡಿದ.

ಫಕೀರಪ್ಪ ಅವನ ಮುಂದೆ ಹೋಗಿ ನಿಂತ. ಒಡೆದ ಕ್ಯಾಪನ್ನು ಅಂಗೈಯಲ್ಲಿ ಹಿಡಿದು, ಬಾಯಿ ಅಗಲ ತೆರೆದು, ಸವೆದ ಮೊಳೆ ಹಲ್ಲು ತೋರಿಸಿದ. ಆಮೇಲೆ, ಒಂದೊಂದೇ ಶಬ್ದ ಹುಡುಕಿಕೊಂಡು, ಮರಾಠಿಯಲ್ಲಿ ಹೇಳಿದ.

"ಮೀ ಪಡಲೋ ನಾಹೀ. ಮಶೀನನೇ ಮಾರಲಂ."

ನಾನು ಬೀಳಲಿಲ್ಲ, ಮಷೀನು ಹೊಡೆಯಿತು. ಅಷ್ಟು ಹೇಳಲು ಅವನಿಗೆ ಯಾರೂ ಬೇಕಾಗಲಿಲ್ಲ.

ಸೇಠ ಕೃಷ್ಣಾಜಿಯ ಕಡೆ ತಿರುಗಿದ. ಇವನು ಏನೇನೋ ಒದರುತ್ತಿದ್ದಾನೆ, ಮೊದಲು ಆ ಚಕ್ಕೆಗಳನ್ನು ಎತ್ತಿ ಮತ್ತೆ ಸಿಗಿಸು ಎಂದ. ಎಲ್ಲ ಮಷೀನುಗಳೂ ನಿಂತವು. ಎಲ್ಲರ ಕಣ್ಣೂ ಕೃಷ್ಣಾಜಿಯ ಮೇಲೆ.

ಅವನು ಬಗ್ಗಿದ. ಸಾಲಿನುದ್ದಕ್ಕೂ ನಡೆದು ಒಂದೊಂದೇ ಚಕ್ಕೆ ಎತ್ತಿದ. ಸೇಠನ ಮುಖ ಸಡಿಲವಾಯಿತು. ಕೃಷ್ಣಾಜಿ ಡಬ್ಬಿಯ ಮುಚ್ಚಳ ತೆಗೆದು ಚಕ್ಕೆಗಳನ್ನೆಲ್ಲ ರೊಟ್ಟಿಯ ಮೇಲೆ ಹಾಕಿ, ಮುಚ್ಚಿದ. ಇವನ್ನು ಸಿಗಿಸು ಅಂತ ಹೇಳಿದವನು ನಾನು, ಬಚ್ಚಲಲ್ಲಿ ಬಿದ್ದ ಅಂತ ಸುಳ್ಳು ಹೇಳಿದವನೂ ನಾನೇ, ಇವನ್ನು ತಪಾಸಣೆಯವರಿಗೆ ಕೊಡುತ್ತೇನೆ ಎಂದು ಮರಾಠಿಯಲ್ಲಿ ಹೇಳಿದ.

ನಾಳೆಯಿಂದ ಇಬ್ಬರೂ ಗೇಟಿನೊಳಗೆ ಕಾಲಿಡಬೇಡಿ ಎಂದು ಸೇಠ ಕಿರುಚಿದ. ಲಾತೂರಿನವನು ಮಷೀನಿನ ಸ್ವಿಚ್ಚು ಆರಿಸಿ ಫಕೀರಪ್ಪನ ಪಕ್ಕಕ್ಕೆ ಬಂದು ನಿಂತ. ಉಳಿದವರೂ ಬಂದರು.

ಕೃಷ್ಣಾಜಿ ಮೆಲ್ಲಗೆ ಕೇಳಿದ. "ಫಕೀರಪ್ಪ, ತಪಾಸಣೆಯವರ ಕಡೆ ನೀನೂ ಬರ್ತೀ ಇಲ್ಲೋ?"

"ಬರ್ತೀನ್ರಿ," ಎಂದ ಫಕೀರಪ್ಪ, ಅವನ ಮುಖ ನೋಡದೆ. "ಡಬ್ಬಿ ನೀವು ಹಿಡಕೊಳ್ರಿ. ಮಾತು ನಾ ಆಡ್ತೀನಿ."