ಹಿಂಗೋಡೆಯ ಎಸಿಗೆ ಕಟ್ಟಿದ ತಟ್ಟಿ

ಶಾಲಿನಿಯ ಹೆಬ್ಬೆರಳಿನ ಉಗುರು ಎಸಿ ಪೆಟ್ಟಿಗೆಗೆ ಸುತ್ತಿದ ತಟ್ಟಿಯ ಹಗ್ಗದ ಗಂಟಿನೊಳಗೆ ಇಳಿಯಿತು, ಸೊಂಟದಲ್ಲೇ ಚಾಕು ಇದೆ, ಕತ್ತರಿಸಿದರೆ ಒಂದು ಕ್ಷಣದ ಕೆಲಸ, ಆದರೂ ಬಿಡಿಸುತ್ತಿದ್ದಾಳೆ, ಬಸರೀಕಟ್ಟೆಯಿಂದ ಜೀಪಿನಲ್ಲಿ ಬಂದ ಎಸಿ ರಿಪೇರಿಯವಳು, ಬಿಸಿಲಿಗೆ ಬೆನ್ನು ಕೊಟ್ಟು ಏಣಿಯ ತುದಿಯಲ್ಲಿ — ಕೆಳಗೆ ಏಣಿ ಹಿಡಿದ ಮನೆಯ ಯಜಮಾನ ಪರಮೇಶ್ವರನಿಗೆ ಕತ್ತು ನೋಯುತ್ತಿತ್ತು, ನೋಡದೆ ಇರಲಿಕ್ಕೂ ಆಗುತ್ತಿರಲಿಲ್ಲ, ಎಂಥ ಕಿವಿ ಇವಳದ್ದು, ಬೆಳಿಗ್ಗೆ ಫೋನಿನಲ್ಲಿ ಹೇಗೆ ಸದ್ದು ಮಾಡ್ತದೆ ಸಾರ್ ಅಂದಳು, ಅವನು ಘುರ್ರ್, ಘುರ್ರ್, ಟಕ್ ಎಂದು ಮಾಡಿ ತೋರಿಸಿದ, ಕೊಪ್ಪದ ಬಸ್ ಕಂಡಕ್ಟರಿನಿಂದ ಅತ್ತೆಯ ಕೆಮ್ಮಿನವರೆಗೆ ಎಲ್ಲವನ್ನೂ ಅಣಕಿಸಿದ ಗಂಟಲು, ಅದನ್ನು ನಗದೆ ಕೇಳಿದವಳು ಇವಳೊಬ್ಬಳೇ, ಟಕ್ ಅನ್ನೋ ಮೊದಲು ಎಷ್ಟು ಹೊತ್ತು ಓಡ್ತದೆ, ಇನ್ನೊಂದ್ಸಲ ಮಾಡಿ, ಹೊಸದು ತರಬೇಡಿ, ನಾ ಬರೋ ತನಕ ತಡೀರಿ. ಹೊಸದು ಬರುವುದಾದರೂ ಮುಂದಿನ ವಾರ, ಮಹಡಿಯ ಬಾಡಿಗೆಯ ಶರ್ಮಿಳಾ ಈಗಲೇ ಎಂಟು ತಿಂಗಳ ಬಸುರಿ, ಇವತ್ತು ತಂಪಾಗದಿದ್ದರೆ ನರಸಿಂಹರಾಜಪುರಕ್ಕೆ, ಅಕ್ಕನ ಮನೆಗೆ ಹೊರಟೆ ಸಾರ್, ಬಾಡಿಗೆಗೆ ಬಂದವಳು ಬಾಡಿಹೋಗಬೇಕಾ, ತನಗೆ ಹೊಳೆಯಬೇಕಿದ್ದ ಮಾತು ಅವಳಿಗೆ ಹೊಳೆದದ್ದು, ಅಂಥವಳು ಹೋದರೆ ಮಾತಿಗೆ ಮಾತು ಕೊಡುವವರು ಯಾರು, ತಾನೋ ಡಾಕ್ಟರರ ದನಿ ತೆಗೆದು ಹಳೇ ಯಂತ್ರ ಮಾರಾಯ್ತಿ, ಆಯಸ್ಸು ಮುಗೀತು ಎಂದಿದ್ದ — ಆ ಉಗುರು, ಆ ಗಂಟು, ಎರಡು ಸುತ್ತು, ಒಳಗಿನಿಂದ ಕುಣಿಕೆ, ಅಯ್ಯೋ, ತನ್ನದೇ ಗಂಟು. ಹೋದ ಮೇ ತಿಂಗಳಲ್ಲಿ ಮಳೆಯ ಇರಚಲು ಹೊಡೆಯದಂತೆ ಜಗಲಿಗೆ ಸೋಗೆ ತಟ್ಟಿ ಕಟ್ಟಿದ ದಿನ, ಪಾಪ ಇದೂ ನೆನೆಯದಿರಲಿ ಎಂದು ಮಿಕ್ಕದ್ದನ್ನು ಈ ಪೆಟ್ಟಿಗೆಗೂ ಸುತ್ತಿದ್ದ, ಮಳೆ ಮುಗಿದಾಗ ಜಗಲಿಯದನ್ನು ಬಿಚ್ಚಿ ಇದನ್ನು ಮರೆತ, ಏಪ್ರಿಲ್‌ನಲ್ಲಿ ಎಸಿ ಹಾಕಿದರೆ ಬಿಸಿ ಹೊರಗೆ ಹೋಗುವುದೆಲ್ಲಿಂದ. ಕಿಟಕಿಯಲ್ಲಿ ಶರ್ಮಿಳಾ, ಹೊಸದೇ ಬೇಕಾ, ಏಣಿಯಿಂದ ಶಾಲಿನಿ, ಬೇಡ ಅಕ್ಕ, ಇದು ಸತ್ತಿಲ್ಲ, ಉಸಿರು ಕಟ್ಟಿತ್ತು ಅಷ್ಟೆ, ಒಂದು ಕೆಪಾಸಿಟರ್ ಹಾಕಿದರೆ ಇನ್ನೂ ಐದು ವರ್ಷ ಓಡ್ತದೆ, ಯಾವ ಪುಣ್ಯಾತ್ಮ ಇದನ್ನು ಕಟ್ಟಿದ್ದು ಎಂದು ಶರ್ಮಿಳಾ ಕೇಳಿದಾಗ ಶಾಲಿನಿ ಕೆಳಗೆ ನೋಡಲಿಲ್ಲ, ನೋಡದೆ ಇರುವುದನ್ನು ಇಷ್ಟು ಚಂದ ಮಾಡುವವರನ್ನು ಅವನು ಕಂಡಿರಲಿಲ್ಲ, ಯಾರದಾದರೂ ದನಿಯ ಹಿಂದೆ ಅಡಗಬಹುದಿತ್ತು, ಗಂಟಲಿಗೆ ಒಂದೂ ಬರಲಿಲ್ಲ, ನಾನೇ ಮಾರಾಯ್ತಿ, ನಾನೇ ಕಟ್ಟಿದ್ದು, ತನ್ನ ಸ್ವಂತ ದನಿ ಇಷ್ಟು ಸಣ್ಣದೇ, ಮೇಲೆ ಶರ್ಮಿಳಾ ನಗುತ್ತಿದ್ದಾಳೆ, ಹಾಗಾದರೆ ಅಕ್ಕನ ಮನೆಗೆ ಹೋಗುವುದಿಲ್ಲ, ಚಾಕು ಹಾಕು ಮಗಾ ಎಂದು ಅವನು ಶಾಲಿನಿಗೆ, ಬೇಡ ಸಾರ್, ಹಗ್ಗ ಹಾಳಾಗ್ತದೆ, ಮುಂದಿನ ಮಳೆಗೆ ಜಗಲಿಗೆ ಬೇಕಲ್ಲ — ಗಂಟಿನೊಳಗೆ ಆ ಉಗುರು, ನಾರಿನ ಧೂಳು ಮೆತ್ತಿದ ಉಗುರು, ಅಂಚಿನಲ್ಲಿ ಸೀಳಿದ ಉಗುರು, ಮತ್ತೆ ಒಳಗಿಳಿಯುವ ಉಗುರು