ಫ್ಯಾನಿನೊಳಗಿನ ಬಿಳಿ ಪುಡಿ

ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ, ಹಡಗಲಿಯಿಂದ ಉಜ್ಜಿನಿವರೆಗೆ, ಬಿಸಿಯಾದ ಲ್ಯಾಪ್‌ಟಾಪನ್ನು ತಣ್ಣಗೆ ಮಾಡುವವನು ಯಾರೆಂದು ಯಾವ ನಾಯಿಯನ್ನು ಕೇಳಿದರೂ ಅದು ಕೊಟ್ಟೂರಿನ ಬಸ್‌ಸ್ಟ್ಯಾಂಡಿನ ಕಡೆ ಬಾಲ ತೋರಿಸುತ್ತದೆ. ಅಲ್ಲಿರುವ ಅಂಗಡಿ ನನ್ನದು, ನಾನೇ ತಿಪ್ಪೇಶ. ಕಾನಹೊಸಹಳ್ಳಿಯ ಮೇಷ್ಟರೊಬ್ಬರ ಲ್ಯಾಪ್‌ಟಾಪ್ ಮೂರು ವರ್ಷದಿಂದ ಸತ್ತು ಬಿದ್ದಿತ್ತು. ನಾನು ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದದ್ದಷ್ಟೇ, ಅದು ತಾನಾಗಿ ಎದ್ದು ಪಾಸ್‌ವರ್ಡ್ ಕೇಳಿತು. ಹನ್ನೆರಡು ಮಂದಿ ಕಣ್ಣಾರೆ ಕಂಡಿದ್ದಾರೆ. ಹತ್ತು ಮಂದಿ ಕಡಿಮೆ ಇದ್ದರೂ ಇರಬಹುದು.

ಅಂಥ ನನ್ನ ಮೇಲೇ ಕಳ್ಳನೆಂಬ ಅನುಮಾನ ಬರುವ ಹಾಗೆ ಮಾಡಿದ್ದು ಶಾಂಭವಿಯ ಲ್ಯಾಪ್‌ಟಾಪ್.

ಶಾಂಭವಿಯ ಗಂಡ ಪ್ರವೀಣಕುಮಾರನದು ಗೊಬ್ಬರದಂಗಡಿ. ಅವಳು ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಕಿವಿಗೆ ಹಾಕಿಕೊಂಡು ಕೇಳಿ ಟೈಪ್ ಮಾಡುವ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದಳು. ಹುಬ್ಬಳ್ಳಿಯ ಕಂಪನಿಯೊಂದು ಎರಡು ತಿಂಗಳು ನೋಡೋಣವೆಂದು ತೆಗೆದುಕೊಂಡಿತ್ತು. ಕೆಲಸದ ನಡುವೆ ಎರಡು ಸಲ ಲ್ಯಾಪ್‌ಟಾಪ್ ಕಾದು ಆಫ್ ಆಗಿತ್ತು. ಮೂರನೇ ಸಲ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಮೇಲ್ ಬಂದಿತ್ತು. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಕೊನೆಯ ಪರೀಕ್ಷೆ.

“ತಿಪ್ಪೇಶಣ್ಣ, ಮದುವಿ ಆಗಿ ಆರು ವರ್ಷಕ್ಕ ನಂದು ಅಂತ ಒಂದು ಕೆಲಸ ಸಿಕ್ಕೈತಿ. ಇದು ಹೋದ್ರ ಗೊಬ್ಬರದಂಗಡ್ಯಾಗ ನೊಣ ಹೊಡಕೋತ ಕುಂದ್ರಬೇಕು,” ಎಂದಳು ಸೋಮವಾರ.

“ಬಿಡ್ರಿ ಶಾಂಭವಕ್ಕ. ಉರಿಯೋ ಒಲಿ ಮ್ಯಾಲಿಟ್ರೂ ತಣ್ಣಗಿರಂಗ ಮಾಡಿಕೊಡ್ತೀನಿ.”

ಲ್ಯಾಪ್‌ಟಾಪಿನ ಹೊಟ್ಟೆಯಲ್ಲಿ ಒಂದು ಪುಟ್ಟ ಫ್ಯಾನ್ ಇರುತ್ತದೆ. ಅದು ಕೆಳಗಿನ ಕಿಂಡಿಯಿಂದ ಗಾಳಿ ಎಳೆದು ಪಕ್ಕದಿಂದ ಉಗುಳುತ್ತದೆ. ಎಷ್ಟು ಬಿಸಿಗೆ ಎಷ್ಟು ಜೋರಾಗಿ ತಿರುಗಬೇಕೆಂದು ಹಂತ ಹಂತವಾಗಿ ಹೇಳಿಕೊಡುವ ಪ್ರೋಗ್ರಾಮ್‌ಗಳಿವೆ. ಹಂತ ಇಡುವುದು ಕೈಲಾಗದವರ ಕೆಲಸ. ನಾನು ಸದಾ ಫುಲ್ ಎಂದು ಇಟ್ಟುಬಿಟ್ಟೆ. ಆನ್ ಮಾಡಿದ ಕೂಡಲೇ ಎದುರಿನ ಮಿರ್ಚಿ ಅಂಗಡಿಯ ಮಂಡಕ್ಕಿ ಹಾರಿ ಹರಪನಹಳ್ಳಿ ಬಸ್ಸು ಹತ್ತಿತು. ಪರದೆಯ ಮೂಲೆಯಲ್ಲಿ ಐವತ್ತೆಂಟು ಡಿಗ್ರಿ ತೋರಿಸಿತು. ಶಾಂಭವಿ ನಗುತ್ತಾ ಹೋದಳು.

ಗುರುವಾರ ಬಂದಾಗ ನಗು ಇರಲಿಲ್ಲ.

“ತೊಂಬತ್ತಾರು ಡಿಗ್ರಿ. ಮೊದಲಿಗಿಂತ ಜಾಸ್ತಿ ಆಗೈತಿ. ನಿಜ ಹೇಳ್ರಿ, ಒಳಗಿನ ಫ್ಯಾನ್ ತಗದು ಡೂಪ್ಲಿಕೇಟ್ ಹಾಕೀರೇನು? ನಮ್ಮತ್ತಿ ಹಂಗ ಅಂತಾರ.”

ನನಗೆ ರಕ್ತ ಕುದಿಯಿತು. ಅದರ ಡಿಗ್ರಿ ಅಳೆಯುವ ಯಂತ್ರ ಇನ್ನೂ ಹುಟ್ಟಿಲ್ಲ. ಅವಳ ಕಣ್ಣೆದುರೇ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಮೇಲೆಲ್ಲ ಬಿಳಿ ಪುಡಿ ಮೆತ್ತಿತ್ತು. ಗಾಳಿ ಹೊರಹೋಗುವ ಜಾಲರಿ ಗಿಲಾವು ಮಾಡಿದ ಗೋಡೆಯಂತಾಗಿತ್ತು.

“ಇದು ಧೂಳಲ್ಲ. ನಿಮ್ಮ ಯಜಮಾನ್ರು ಗೊಬ್ಬರದ ಕೈಲೆ ಮುಟ್ಟತಾರೇನು?”

“ಅವರು ಇದರ ಹತ್ರಕ್ಕೂ ಬರಂಗಿಲ್ಲ. ನಿಮ್ಮ ಅಂಗಡಿ ಗ್ವಾಡಿ ಸುಣ್ಣ ಉದುರಿರಬೇಕು ನೋಡ್ರಿ.”

ಮೂಸಿದೆ. ಯೂರಿಯಾ ಅಲ್ಲ, ಸುಣ್ಣವೂ ಅಲ್ಲ. ಬ್ರಷ್ ಹಾಕಿ ಚೊಕ್ಕ ಮಾಡಿ ಕೊಟ್ಟೆ. ಶುಕ್ರವಾರ ಸಂಜೆ ಫೋನು ಬಂತು. ಮತ್ತೆ ತೊಂಬತ್ತರ ಮೇಲೆ.

“ಒಂದ ದಿನಕ್ಕ ಅಷ್ಟು ಪುಡಿ ತಾನಾಗೇ ಬರಂಗಿಲ್ಲ ಶಾಂಭವಕ್ಕ. ಯಾರೋ ಹಾಕ್ತದಾರ.”

ಅವಳು ಕೋಣೆಯ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: “ಮನ್ಯಾಗ ನನ್ನ ಬಿಟ್ರ ಇರೋರು ಇಬ್ಬರ, ತಿಪ್ಪೇಶಣ್ಣ. ನಾ ಕೆಲಸಕ್ಕ ಸೇರಿದಾಗ ಇಬ್ಬರೂ ಹ್ಞೂಂ ಅಂದಿದ್ದರು.”

ಹ್ಞೂಂ ಅಂದವರ ಮೇಲೇ ಮೊದಲು ಕಣ್ಣಿಡಬೇಕು. ಶನಿವಾರ ಎಂಟೂವರೆಗೆ ಹೋಗಿ ಅವರ ಮನೆಯ ಕಿಟಕಿಯ ಪಕ್ಕದ ಕಟ್ಟೆಯ ಮೇಲೆ ಕೂತೆ. ಉಸಿರು ಬಿಗಿಹಿಡಿದು ಮುಕ್ಕಾಲು ಗಂಟೆ ಕೂತೆನೆಂದರೆ ನಂಬಬೇಕು ನೀವು. ಪ್ರವೀಣಕುಮಾರ ನನ್ನ ಎದುರೇ, ನನ್ನನ್ನು ಗಮನಿಸದೆ ಬೈಕು ಹತ್ತಿ ಅಂಗಡಿಗೆ ಹೋದ. ಶಾಂಭವಿ ಸ್ನಾನಕ್ಕೆ ಹೋದಳು. ಅಷ್ಟರಲ್ಲಿ ದೇವರ ಕೋಣೆಯಿಂದ ಅವಳ ಅತ್ತೆ ನೀಲಗಂಗಮ್ಮ ಬಂದರು. ಬಾಗಿಲ ಕಡೆ ಒಮ್ಮೆ, ಬಚ್ಚಲ ಕಡೆ ಒಮ್ಮೆ ನೋಡಿದರು. ಲ್ಯಾಪ್‌ಟಾಪನ್ನು ಕೂಸಿನಂತೆ ಮಗುಚಿ ಮಲಗಿಸಿ, ಮುಷ್ಟಿಯಲ್ಲಿದ್ದುದನ್ನು ಕೆಳಗಿನ ಕಿಂಡಿಗಳ ಮೇಲೆ ಉದುರಿಸಿದರು.

“ಸಿಕ್ರಿ ನೋಡ್ರಿ ಅಮ್ಮಾರ!” ಎಂದು ಕಿಟಕಿಯಲ್ಲಿ ಮುಖ ತೂರಿಸಿದೆ.

“ಅಯ್ಯೋ ಶಿವನ! ಕಳ್ಳ, ಕಳ್ಳ!”

ಶಾಂಭವಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಓಡಿಬಂದಳು. ಅತ್ತೆಯ ಬೆರಳಿನ ಬಿಳಿ ಪುಡಿ ಕಂಡಳು, ಮಗುಚಿದ ಲ್ಯಾಪ್‌ಟಾಪ್ ಕಂಡಳು.

“ಅತ್ತಿ... ನನ್ನ ಕೆಲಸ ಹೋಗ್ಲಿ ಅಂತ ಮಾಡಿದ್ರೇನು?”

“ಹೋಗ್ಲಿ ಅಂತ?” ಮುದುಕಿ ಬೆರಳನ್ನು ಸೆರಗಿಗೆ ಒರೆಸಿಕೊಂಡರು. “ಉಳೀಲಿ ಅಂತ ಮಾಡೀನವ್ವ! ಇದರ ಮೈ ಸುಡತೈತಿ, ಸುಡತೈತಿ ಅಂತ ದಿನಾ ನೀನ ಅಳತಿದ್ದಿ. ಮೈ ಸುಟ್ರ ವಿಭೂತಿ ಹಚ್ಚದ ಇನ್ನೇನ ಮಾಡಲಿ? ಮ್ಯಾಲ ಹಚ್ಚಿದ್ರ ನೀ ಒರಸ್ತಿ ಅಂತ ಕೆಳಗ ಹಾಕಿದೆ. ನೀರು ತಾಕಿದ್ರ ಕೆಡತೈತಿ ಅಂದಿದ್ದಿ, ಅದಕ್ಕ ಒಣಾ ಪುಡೀನ ಹಾಕಿದೆ. ಮೊದಲು ಹಾಕಿದ್ದು ಹಾಕಿದಂಗ ಇರತಿತ್ತು. ಸೋಮವಾರದಿಂದ ಮುಂಜಾನಿ ಹಾಕಿದ್ದು ಮಧ್ಯಾಹ್ನಕ್ಕ ಒಂದು ಕಣ ಇರಂಗಿಲ್ಲ. ಸ್ವಾಮಿ ಪೂರಾ ಒಪ್ಪಿಸಿಕೊಂಡಾನ!”

ಬಿಳಿ ಪುಡಿಯ ಗುಟ್ಟು ಬಯಲಾಯಿತೆಂದು ನಾನು ಮೀಸೆ ತಿರುವುವಷ್ಟರಲ್ಲಿ ಶಾಂಭವಿ ನನ್ನ ಕಡೆ ತಿರುಗಿದಳು.

“ಸೋಮವಾರದಿಂದ? ಅವತ್ತ ಅಲ್ಲೇನು ನೀವು ಫ್ಯಾನ್ ಫುಲ್ ಮಾಡಿದ್ದು?”

ಮೀಸೆಗೆ ಹೋಗಿದ್ದ ಕೈಯನ್ನು ಕೆಳಗಿಳಿಸಿದೆ. ಮುದುಕಿ ಉದುರಿಸಿದ್ದೆಲ್ಲ ಹಗಲಿಡೀ ಒಳಗೆ ಎಳೆದುಕೊಂಡದ್ದು ನಾನು ಫುಲ್ ಮಾಡಿಟ್ಟ ಫ್ಯಾನೇ.

“ಒಂಬತ್ತು ಇಪ್ಪತ್ತಾತು,” ಎಂದಳು ಶಾಂಭವಿ. “ಆಮ್ಯಾಗ ಬೈತೀನಿ. ಮೊದಲು ಬಿಚ್ಚರಿ.”

ಕಟ್ಟೆಯ ಮೇಲೇ ಬಿಚ್ಚಿದೆ. ಸಾಮಾನ್ಯ ಮನುಷ್ಯನಿಗೆ ಎರಡು ದಿನದ ಕೆಲಸ. ನನಗೆ ಇಪ್ಪತ್ತು ನಿಮಿಷ. ರೆಕ್ಕೆ, ಜಾಲರಿ ಎಲ್ಲ ಉಜ್ಜಿ, ಲ್ಯಾಪ್‌ಟಾಪನ್ನು ಅಡಿಗೆಮನೆಯ ಎರಡು ಮಣೆಗಳ ಮೇಲೆ, ಕೆಳಗೆ ಗಾಳಿಯಾಡುವಂತೆ ಕೂರಿಸಿದೆ. ಈ ಸಲ ಹಂತಗಳನ್ನೂ ಇಟ್ಟೆ. ಅರವತ್ತರವರೆಗೆ ಮೆಲ್ಲಗೆ, ಎಪ್ಪತ್ತೈದಕ್ಕೆ ಅರ್ಧ ಜೋರು, ಎಂಬತ್ತೈದು ದಾಟಿದರೆ ಮಾತ್ರ ಪೂರಾ.

ಹತ್ತಕ್ಕೆ ಪರೀಕ್ಷೆ ಶುರುವಾಯಿತು. ಶಾಂಭವಿಯ ಕಿವಿಯಲ್ಲಿ ಡಾಕ್ಟರ ದನಿ. ಹಿಂದೆ ನಿಂತ ನಮ್ಮಿಬ್ಬರ ಕಣ್ಣು ಪರದೆಯ ಮೂಲೆಯ ಅಂಕಿಯ ಮೇಲೆ. ಅರವತ್ತೆರಡು. ಎಪ್ಪತ್ತೊಂದು. ಹನ್ನೊಂದೂ ಕಾಲಿಗೆ ಎಂಬತ್ತಮೂರು. ನೀಲಗಂಗಮ್ಮನ ಕೈ ವಿಭೂತಿಯ ಡಬ್ಬಿಗೆ ಹೋಯಿತು.

“ಬ್ಯಾಡ್ರಿ ಅಮ್ಮಾರ,” ಎಂದು ಪಿಸುಗುಟ್ಟಿದೆ.

“ಅದಕ್ಕಲ್ಲಪ್ಪ, ನಿನಗ. ಅದಕ್ಕಿಂತ ನೀನ ಜಾಸ್ತಿ ಕಾದಂಗ ಕಾಣ್ತಿ,” ಎಂದು ನನ್ನ ಹಣೆಗೆ ಮೂರು ಪಟ್ಟೆ ಎಳೆದರು.

ಎಂಬತ್ತಾರು. ಫ್ಯಾನು ಭರ್‍ರೆಂದು ಎದ್ದಿತು. ಶಾಂಭವಿಯ ಬೆರಳು ಒಂದು ಕ್ಷಣ ನಿಂತು ಮತ್ತೆ ಓಡಿತು. ಎಂಬತ್ತಾರು. ಎಂಬತ್ತೇಳು. ಎಂಬತ್ತನಾಲ್ಕು. ಎಂಬತ್ತು. ಅಲ್ಲಿಂದ ಹನ್ನೆರಡರವರೆಗೆ ಅದು ಎಂಬತ್ತೈದರ ಮೇಲೆ ಹೋಗಲಿಲ್ಲ.

ಮೂರು ಗಂಟೆಗೆ ಮೇಲ್ ಬಂತು: ಸೋಮವಾರದಿಂದ ಕೆಲಸ ಕಾಯಂ. ಶಾಂಭವಿ ಅದನ್ನು ಅತ್ತೆಗೆ ಎರಡು ಸಲ ಓದಿ ಹೇಳಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ನನ್ನ ಪಕ್ಕ ಕುರ್ಚಿ ಎಳೆದಳು.

“ಅತ್ತಿ, ಇನ್ನ ಮ್ಯಾಲ ಇದನ್ನ ನೀವೂ ಮುಟ್ಟಬ್ಯಾಡ್ರಿ. ತಿಪ್ಪೇಶಣ್ಣ, ನೀವೂ ಮುಟ್ಟಬ್ಯಾಡ್ರಿ. ಆ ಹಂತ ಹೆಂಗ ಇಡೋದು, ಬಾಯಿಲೆ ಹೇಳ್ರಿ.”

ಹೇಳಿದೆ. ಪ್ರತಿ ಹಂತಕ್ಕೂ ‘ಯಾಕ?’ ಎಂದು ಕೇಳಿ, ನನ್ನ ಮುಖವನ್ನೇ ನೋಡುತ್ತಾ ಉತ್ತರ ಸರಿಯೋ ಸುಳ್ಳೋ ಎಂದು ತೂಗಿದಳು. ಕೊನೆಗೆ ನನ್ನ ಎಂಬತ್ತೈದನ್ನು ಅಳಿಸಿ ಎಂಬತ್ತು ಎಂದು ಹಾಕಿದಳು.

ಎಂಬತ್ತೇ ಸರಿಯಾದದ್ದು. ಅವಳು ಇನ್ನೊಂದು ನಿಮಿಷ ತಡೆದಿದ್ದರೆ ನಾನೇ ಹೇಳುವವನಿದ್ದೆ.